ಅರ್ಧ ಗ್ಲಾಸು ಚಹಾ

ರಾಮವ್ವ ಭಾವನ ಕೈಯಿಂದ ಚೀಲ ಕಸಿದುಕೊಂಡ ರಭಸಕ್ಕೆ ಒಳಗಿದ್ದ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಒಂದು ಗಳಿಗೆ ಅಳು ನಿಲ್ಲಿಸಿದರು. ಆ ಸದ್ದು ಯಾವುದರದೆಂದು ಮಸಗುಪ್ಪಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಇದು ನನ್ನ ಗಂಡನ ಮಣ್ಣಿಗೆ ಬರೂದಿಲ್ರಿ, ಭಾವಾರ,” ಎಂದಳು ರಾಮವ್ವ.

ಎಂದವಳೇ ಚೀಲವನ್ನು ತೊಡೆಯ ಕೆಳಗೆ ತುರುಕಿಕೊಂಡು ಗಂಡನ ಪಕ್ಕದಲ್ಲಿ ಕೂತಳು. ಶಿದ್ರಾಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೆಗಲ ಮೇಲೆ ಅವನದೇ ಕರಿ ಕಂಬಳಿ, ಹಣೆ ತುಂಬ ಭಂಡಾರದ ಅರಿಶಿನ. ನಿನ್ನೆ ಸಂಜೆ ಕುರಿಗಳನ್ನು ಹಟ್ಟಿಗೆ ಕೂಡುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಕೂತವನು ಏಳಲಿಲ್ಲ. ಐವತ್ತೆಂಟೋ ಐವತ್ತೊಂಬತ್ತೋ ವಯಸ್ಸು, ಅಷ್ಟೇ.

ಶಿದ್ರಾಮನ ಅಣ್ಣ ಶಿದ್ಲಿಂಗಪ್ಪನಿಗೆ ನಾಲ್ಕು ಮಂದಿಯ ಎದುರು ಚೀಲ ಹೋದದ್ದು ಅವಮಾನವಾಗಿತ್ತು. “ಹುಚ್ಚಿ ಆಗೀಯೇನ ತಂಗಿ? ಇದೇನ ನಾ ಕುಡಿಯಾಕ ತಂದೇನೇನ? ಕುಣಿ ತೋಡವರಿಗೆ ಎಣ್ಣಿ ಕೊಡೂದು ನಮ್ಮಪ್ಪನ ಕಾಲದಿಂದ ನಡಕೋತ ಬಂದೈತಿ. ಹನಮಂತ ಇನ್ನಿಬ್ಬರನ್ನ ಕರಕೊಂಡ ಮುಂಜಾನಿಂದ ಹೊಲದಾಗ ಕುಂತಾನ. ಇದನ್ನ ಕಾಣೂತನಾ ಗುದ್ದಲಿ ಮುಟ್ಟವಲ್ರು.”

“ಒಂಬತ್ತ ವರ್ಷ ಈ ಊರಾಗ ಎಲ್ಲಾರ ಕುಣಿ ಯಾರ್ ತೋಡ್ಯಾರ್ರಿ? ಇಂವ ಅಲ್ಲೇನು? ಎಣ್ಣಿ ಕುಡದ ತೋಡಿದ್ನೇನ?”

“ಅಂವನ ಮಾತ ಬ್ಯಾರೆ. ಅಂವಗ ನಾ ಭಂಡಾರ ಮುಟ್ಟಿಸಿ ಆಣಿ ಮಾಡಿಸಿದ್ದೆ. ಅದಕ್ಕ ಬಿಟ್ಟ.” ಇದನ್ನು ಶಿದ್ಲಿಂಗಪ್ಪ ಅಂಗಳದ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ.

ರಾಮವ್ವ ಗಂಡನ ಹೆಗಲ ಮೇಲಿನ ಕಂಬಳಿ ಸರಿಪಡಿಸಿದಳು. ಯಾವ ಆಣೆ ಎಂದು ಕೇಳಬಹುದಿತ್ತು. ಒಟ್ಟು ನಾಲ್ಕಾಗಿದ್ದವು, ನಾಲ್ಕೂ ಮುರಿದಿದ್ದವು.

“ಹೊತ್ತ ಮುಣಗೂದ್ರೊಳಗ ಮಣ್ಣ ಆಗಬೇಕು, ನೋಡ ಮತ್ತ,” ಎಂದು ಶಿದ್ಲಿಂಗಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಕುಣೀನ ಇಲ್ಲಂದ್ರ ಎತ್ತಿಕೊಂಡ ಹೋಗಿ ಎಲ್ಲಿ ಇಡೂದು? ನೀನ ಹೇಳು.”

“ನಾನ ತೋಡ್ತೀನಿ.”

“ಹೆಂಗಸು ಗಂಡನ ಕುಣಿ ತೋಡೂದೇನ? ಊರ ಮಂದಿ ನಗತಾರ.”

“ನಗಲಿ ಬಿಡ್ರಿ. ಇಂವನ ಕುಣಿ ನೋಡಿ ನಕ್ಕಿದ್ದ ಇದ ಮೊದಲನೇ ಸಲ ಏನಲ್ಲ.”

ಹಿಂದೆ ಕೂತ ಮುದುಕಿಯೊಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆ ಸಂಗತಿ ಊರಿಗೆಲ್ಲ ಗೊತ್ತಿತ್ತು.

*

ಅದು ನಡೆದದ್ದು ಒಂಬತ್ತು ವರ್ಷದ ಹಿಂದೆ, ರಾಮವ್ವನ ತಾಯಿ ಸತ್ತೆವ್ವ ತೀರಿಕೊಂಡ ದಿನ.

ಆಗ ಮಸಗುಪ್ಪಿಯಲ್ಲಿ ಯಾರೇ ಸತ್ತರೂ ಮೊದಲು ಓಡಿ ಬರುವವರು ಶಿದ್ರಾಮ ಮತ್ತು ಹನಮಂತ. ದುಃಖಕ್ಕೆ ಬರುತ್ತಿದ್ದರು ಎಂದರೆ ಸುಳ್ಳಾಗುತ್ತದೆ, ದುಃಖ ಇರಲಿಲ್ಲ ಎಂದರೂ ಸುಳ್ಳೇ. ಸತ್ತವರ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತಲೇ “ಬಾಟಲಿ ಎಲ್ಲಿ?” ಎಂದು ಕೇಳುತ್ತಿದ್ದರು. ಕುಣಿ ಮಾತ್ರ ಅಚ್ಚುಕಟ್ಟು. ಅದರಲ್ಲಿ ಶಿದ್ರಾಮನದೊಂದು ರೂಢಿಯಿತ್ತು. ಕುಣಿ ಮುಗಿದ ಮೇಲೆ ಉದ್ದ ಸಾಕೋ ಇಲ್ಲವೋ ಎಂದು ತಾನೇ ಅದರೊಳಗೆ ಮಲಗಿ ನೋಡುವುದು.

ಅತ್ತೆಯ ಕುಣಿಯಲ್ಲೂ ಹಾಗೆಯೇ ಮಲಗಿದ. ಎರಡನೇ ಬಾಟಲಿ ಕೇಳಲು ಹನಮಂತ ಊರೊಳಗೆ ಹೋಗಿದ್ದ. ಎರೆಮಣ್ಣು ತಣ್ಣಗಿತ್ತು. ಶಿದ್ರಾಮನಿಗೆ ನಿದ್ದೆ ಹತ್ತಿತು.

ಹಲಗೆ ಬಡಿಯುತ್ತ, ಹೆಣ ಹೊತ್ತು ಬಂದವರು ಕುಣಿಯ ಅಂಚಿಗೆ ಬಂದು ಬಗ್ಗಿ ನೋಡಿದರೆ ಒಳಗೆ ಅಳಿಯ ಗೊರಕೆ ಹೊಡೆಯುತ್ತಿದ್ದ. ಹಲಗೆ ನಿಂತಿತು. ಯಾರೋ ಕಿಸಕ್ಕೆಂದರು. ಅದು ಬಾಯಿಂದ ಬಾಯಿಗೆ ಹತ್ತಿ, ಹೆಣ ಹೊತ್ತವರ ಹೆಗಲೂ ನಗೆಯಿಂದ ಕುಲುಕತೊಡಗಿದವು. ರಾಮವ್ವ ಮಂದಿಯನ್ನು ಸರಿಸಿ ಮುಂದೆ ಬಂದಳು. ಕೆಳಗೆ ನೋಡಿದಳು.

“ಮಣ್ಣ ಎಳೀರಿ,” ಎಂದಳು. “ಇಬ್ರನ್ನೂ ಕೂಡೇ ಮುಚ್ಚಿಬಿಡ್ರಿ.”

ಆಮೇಲೆ ಯಾರೂ ನಗಲಿಲ್ಲ. ಶಿದ್ರಾಮ ಅಷ್ಟರಲ್ಲಿ ಕಣ್ಣು ಬಿಟ್ಟಿದ್ದ. ಮೇಲೆ ಚೌಕಾಕಾರದ ಆಕಾಶ, ಸುತ್ತ ತಲೆಗಳು, ಅವುಗಳ ನಡುವೆ ಹೆಂಡತಿಯ ಮುಖ. ಅವಳು ಅಳುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹೇಳಿದ್ದನ್ನು ಜನ ಮಾಡುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದಳು.

ಮರುದಿನ ಶಿದ್ಲಿಂಗಪ್ಪ ತಮ್ಮನನ್ನು ಗುಡಿಗೆ ಎಳೆದೊಯ್ದು ಅಂಗೈಗೆ ಭಂಡಾರ ಹಾಕಿ ಆಣೆ ಮಾಡಿಸಿದ. ಅದು ನಾಲ್ಕನೆಯದು. ಐದು ದಿನ ನಡೆಯಿತು. ಆರನೆಯ ದಿನ ಒಂದು ಗುಟುಕು ಗಂಟಲಲ್ಲಿ ಇಳಿದ ಮೇಲೆ, ದೇವರು ಹೇಗೂ ಸಿಟ್ಟಾಗಿದ್ದಾನೆ, ಇನ್ನು ಬಿಟ್ಟೇನು ಉಪಯೋಗ ಎಂದು ಶಿದ್ರಾಮ ಮೊದಲಿಗಿಂತ ಹೆಚ್ಚು ಕುಡಿದ. ಪ್ರತಿ ಸಲವೂ ಲೆಕ್ಕ ಹೀಗೇ ತಪ್ಪುತ್ತಿತ್ತು.

*

ಹತ್ತೂವರೆಗೆ ಮನೆಯ ಮುಂದೆ ಒಂದು ಹಳೆಯ ಜೀಪು ನಿಂತಿತು. ನಾಲ್ವರು ಗಂಡಸರು, ಒಬ್ಬ ಹೆಂಗಸು ಇಳಿದರು. ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು, ಸಾಲಾಗಿ ಬಂದು, ಶಿದ್ರಾಮನ ಪಾದ ಮುಟ್ಟಿದರು. ಒಬ್ಬನ ಕೈಯಲ್ಲಿ ಹೂವಿನ ಮಾಲೆ ಬದಲು ದೊಡ್ಡದೊಂದು ಅಲ್ಯುಮಿನಿಯಂ ಕೆಟಲಿ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದ.

“ಯಾವೂರವರ್ರಿ?” ಎಂದ ಶಿದ್ಲಿಂಗಪ್ಪ.

“ಇವ್ರು ಸಂಕೇಶ್ವರ, ನಾ ಹುಕ್ಕೇರಿ, ಉಳದವ್ರು ಗೋಕಾಕ,” ಎಂದ ಅವರಲ್ಲಿ ಎತ್ತರವಾಗಿದ್ದವನು.

“ನಮ್ಮ ಶಿದ್ರಾಮಗ ಹೆಂಗ ಬೇಕ್ರಿ ನೀವು?”

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಗುರುವಾರದವ್ರು,” ಎಂದಳು ಹೆಂಗಸು, ಮೆಲ್ಲಗೆ.

“ನಾ ಹೇಳಿರಲಿಲ್ಲೇನ,” ಎಂದು ಹಿಂದಿನ ಮುದುಕಿ ಪಕ್ಕದವಳ ಪಕ್ಕೆ ತಿವಿದಳು. “ಗುರುವಾರಕ್ಕೊಮ್ಮೆ ನಾಕರ ಬಸ್ಸಿಗೆ ಹೋಗ್ತಿದ್ನಲ್ಲ, ಯಾವದರ ಮಠಕ್ಕ ನಡಕೊಂಡಿರಬೇಕ ಅಂತ. ಭಕ್ತರು ನೋಡು ಇವ್ರು.”

“ಭಕ್ತರ ಕೈಯಾಗ ಚಾದ ಕೆಟಲಿ ಯಾಕಬೇ?”

“ಪ್ರಸಾದ ಇರಬೇಕ ಸುಮ್ಕಿರು.”

ರಾಮವ್ವ ತಲೆಯೆತ್ತಿ ಐವರನ್ನೂ ನೋಡಿದಳು. ಮಗಳು ದೀಪಾ ರಾತ್ರಿಯೇ ಅಪ್ಪನ ಫೋನಿನಿಂದ ಯಾರಿಗೋ ಸುದ್ದಿ ಮುಟ್ಟಿಸಿದ್ದಳು. ಇಷ್ಟು ವರ್ಷ ಶಿದ್ರಾಮ ಇವರಲ್ಲಿ ಒಬ್ಬರ ಹೆಸರನ್ನೂ ಮನೆಯಲ್ಲಿ ಆಡಿದವನಲ್ಲ. ಕೇಳಿದರೆ, “ಅಲ್ಲೀದ ಅಲ್ಲೇ, ರಾಮೀ” ಎನ್ನುತ್ತಿದ್ದ. ಬಸ್ಸಿನವನು, ಚಹಾದವನು, ನರ್ಸಬಾಯಿ ಎಂದು ಮಾತ್ರ ಹೇಳುತ್ತಿದ್ದ.

“ನಿಮ್ಮಾಗ ಚಾದವ್ರು ಯಾರ್ರಿ?” ಎಂದಳು.

ಕೆಟಲಿ ಹಿಡಿದಿದ್ದ ಮುದುಕ ಮುಂದೆ ಬಂದ. ಬಿಳಿ ಅಂಗಿ, ದಪ್ಪ ಕನ್ನಡಕ. “ನಾನವ್ವ. ಸತ್ತೆಪ್ಪ.”

ಅಷ್ಟು ಹೊತ್ತು ಒಣಗಿದ್ದ ರಾಮವ್ವನ ಕಣ್ಣು ಆಗ ತುಂಬಿದವು. ತೊಡೆಯ ಕೆಳಗಿನ ಚೀಲ ತೋರಿಸಿ, ಸಣ್ಣ ಮಕ್ಕಳು ದೂರು ಹೇಳುವಂತೆ ಹೇಳಿದಳು. “ನೋಡ್ರಿ ಯಣ್ಣಾ. ಇದನ್ನ ಕೊಡಲಿಲ್ಲಂದ್ರ ಕುಣಿ ತೋಡೂದಿಲ್ಲಂತ. ಇಂವ ಮ್ಯಾಲಿನ ಹೊಲದಾಗ ಜಾಗಾ ತೋರಿಸಿ ಹೇಳಿದ್ದ. ನನ್ನ ಮಣ್ಣಿನ ಹೊತ್ತಿನ್ಯಾಗ ಯಾರ ಕೈಯಾಗೂ ಬಾಟಲಿ ಕೊಡಬ್ಯಾಡ, ಅದೊಂದ ನಡಸಿಕೊಡು ಅಂದಿದ್ದ. ಮತ್ತೇನೂ ಕೇಳಿದಂವಲ್ಲ.”

ಎತ್ತರದವನು, ಅವನೇ ಕಂಡಕ್ಟರ್ ಪ್ರಭು, ಅಂಗಿಯ ತೋಳು ಮಡಿಚತೊಡಗಿದ. “ಹೊಲ ಎಲ್ಲಿ ಬರತೈತ್ರಿ? ಗುದ್ದಲಿ ಅದಾವಿಲ್ಲೊ?”

“ನೀವು ತೋಡ್ತೀರಿ?” ಎಂದ ಶಿದ್ಲಿಂಗಪ್ಪ. “ಎಂದರ ತೋಡೀರೇನು?”

“ಇಲ್ರಿ. ಟಿಕೀಟ ಹರದ ಗೊತ್ತು, ಅಷ್ಟ.”

*

ಶಿದ್ರಾಮ ಆ ಗುರುವಾರದ ಖೋಲಿ ಮುಟ್ಟಿದ್ದೂ ಪ್ರಭುವಿನ ಬಸ್ಸಿನಲ್ಲೇ. ಆರನೆಯ ದಿನಕ್ಕೆ ಆಣೆ ಮುರಿದ ಮೇಲಿನ ವಾರ ಮೂಡಲಗಿಯ ಸಂತೆಯಲ್ಲಿ ಕುಡಿದು ಬಸ್ಸು ಹತ್ತಿದವನಿಗೆ ಎಚ್ಚರವಾದಾಗ ಬಸ್ಸು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಮುಂದಿನ ಸೀಟಿನಲ್ಲಿ ಹಿಂದೆ ತಿರುಗಿ ಕೂತ ಕಂಡಕ್ಟರ್ ತನ್ನನ್ನೇ ನೋಡುತ್ತಿದ್ದ.

“ಇಳೀಪಾ, ಗೋಕಾಕ ಬಂತು.”

“ನಾ ಮಸಗುಪ್ಪಿಗೆ ಹೋಗಾಂವ.”

“ಮಸಗುಪ್ಪಿ ಯಾವಾಗೋ ಹಿಂದ ಹೋತು.” ಪ್ರಭು ಎದ್ದು ಚೀಲ ಹೆಗಲಿಗೇರಿಸಿದ. “ನಂದೂ ಹಿಂಗ ಭಾಳ ಹಿಂದ ಹೋಗಿತ್ತಪಾ. ಊರು, ಹೆಂಡ್ತಿ, ಎರಡ ಸಲ ನೌಕರಿ. ನನ್ನ ಡ್ಯೂಟಿ ಮುಗೀತು. ಒಂದ ಕಡೆ ಹೊಂಟೇನಿ, ಬರ್ತಿಯೇನು? ಚಾ ಕೊಡ್ತಾರ.”

ಚಹಾದ ಆಸೆಗೆ ಹೋದನೋ, ಆ ಹೊತ್ತಿಗೆ ಮನೆಗೆ ಹೋಗುವ ಧೈರ್ಯ ಇರಲಿಲ್ಲವೋ, ಅಂತೂ ಶಿದ್ರಾಮ ಹೋದ. ಹಳೆಯ ಶಾಲೆಯ ಹಿಂದಿನ ಒಂದು ಖೋಲಿ. ಬೆಂಚುಗಳ ಮೇಲೆ ಹತ್ತು ಹನ್ನೆರಡು ಜನ. ಪ್ಯಾಂಟಿನವರೂ ಇದ್ದರು, ಧೋತರದವರೂ ಇದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಹೆಸರು ಹೇಳಿ, ಕುಡಿದು ತಾವು ಮಾಡಿದ್ದನ್ನು ಹೇಳುತ್ತಿದ್ದರು. ಒಬ್ಬ ಮಗಳ ಲಗ್ನದ ದಿನ ಎಲ್ಲಿ ಬಿದ್ದಿದ್ದನೆಂದು ಹೇಳಿದ. ಯಾರೂ ನಗಲಿಲ್ಲ, ಯಾರೂ ಚು ಚು ಅನ್ನಲಿಲ್ಲ. ತಾನು ಕುಣಿಯಲ್ಲಿ ಮಲಗಿದ್ದು ಇಲ್ಲಿ ಅಂಥ ದೊಡ್ಡ ಸಂಗತಿಯೇನಲ್ಲ ಎಂದು ಶಿದ್ರಾಮನಿಗೆ ಅನಿಸಿತು.

ನಡುವೆ ಸತ್ತೆಪ್ಪ ಕೆಟಲಿ ಹಿಡಿದು ಬಂದ. ಎಲ್ಲರಿಗೂ ಗ್ಲಾಸು ತುಂಬ ಹಾಕುತ್ತ ಬಂದವನು ಶಿದ್ರಾಮನಿಗೆ ಮಾತ್ರ ಅರ್ಧ ಹಾಕಿ ನಿಲ್ಲಿಸಿದ.

ಶಿದ್ರಾಮ ಎದ್ದು ನಿಂತ. “ಕಂಬಳಿ ಹೊತ್ತ ಬಂದೇನಂತ ಅರ್ಧಾನ? ಕುರಿ ಕಾಯಾಂವಗ ಇಷ್ಟ ಸಾಕಂತೇನ? ನಿಂದೇನ ಚಾ, ನೀನ ಕುಡಿ!”

ಸತ್ತೆಪ್ಪ ಕೆಟಲಿ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ಸಾವಕಾಶ ಹೇಳಿದ.

“ತಮ್ಮಾ, ನಮ್ಮಪ್ಪಗ ಊರ ಹೊಟೇಲನ್ಯಾಗ ಬ್ಯಾರೆ ಗ್ಲಾಸ್ ಇಟ್ಟಿರತಿದ್ರು. ಕುಡದ ತಾನ ತೊಳದ ಬೋರಲ ಹಾಕಿ ಬರಬೇಕು. ಅದನ್ನ ನೋಡಿ ಬೆಳದಾಂವ ನಾ. ಈ ಖೋಲ್ಯಾಗ ಯಾರಿಗೂ ಬ್ಯಾರೆ ಗ್ಲಾಸ್ ಇಲ್ಲ. ಎಲ್ಲಾರಿಗೂ ಇದ. ಅಳತಿ ಒಂದ ಬ್ಯಾರೆ. ನಿನ್ನ ಕೈ ನೋಡಕೋ.”

ಶಿದ್ರಾಮ ನೋಡಿಕೊಂಡ. ಕೈ ನಡುಗುತ್ತಿತ್ತು. ಅರ್ಧವಿದ್ದ ಚಹಾ ಅಂಚಿನ ತನಕ ಏರಿ ಇಳಿಯುತ್ತಿತ್ತು, ಚೆಲ್ಲುತ್ತಿರಲಿಲ್ಲ. ತುಂಬ ಇದ್ದಿದ್ದರೆ ಅಷ್ಟೂ ಮಂದಿಯ ಎದುರು ಮೈಮೇಲೆ ಚೆಲ್ಲಿಕೊಳ್ಳುತ್ತಿದ್ದ.

“ಕುಡಿ. ಆಮ್ಯಾಲ ಇನ್ನರ್ಧ ಹಾಕ್ತೀನಿ,” ಎಂದ ಸತ್ತೆಪ್ಪ.

ಎರಡು ಅರ್ಧ ಕುಡಿದ ಮೇಲೆ ಶಿದ್ರಾಮ ಸೊಂಟದಿಂದ ಭಂಡಾರದ ಚೀಲ ಬಿಚ್ಚಿದ. ಆಣೆ ಯಾರ ಮುಂದೆ ಮಾಡಬೇಕು ಎಂದು ಕೇಳಿದ.

“ಅದನ್ನ ಒಳಗ ಇಡು,” ಎಂದ ಸತ್ತೆಪ್ಪ. “ಇಲ್ಲಿ ಆಣಿ ಗೀಣಿ ಇಲ್ಲ. ಇವತ್ತ ಮಲಗೂತನಾ ಕುಡೀಬ್ಯಾಡ. ನಾಳೀದ ನಾಳಿ ನೋಡೂನು.”

“ಅಷ್ಟ?”

“ಅಷ್ಟ.”

ಬದುಕಿನ ಉದ್ದಕ್ಕೂ ಆಣೆ ಮಾಡಿ ಐದು ದಿನಕ್ಕಿಂತ ಹೆಚ್ಚು ತಾಳದವನು, ಆ ಒಂದು ದಿನ ತಾಳಿದ. ಮರುದಿನ ಮತ್ತೆ ಅಷ್ಟೇ. ಅಲ್ಲಿ ನಡೆದದ್ದರಲ್ಲಿ ಹೆಂಡತಿಗೆ ಅವನು ಹೇಳಿದ್ದು ಈ ಚಹಾದ ಸಂಗತಿ ಒಂದನ್ನೇ. ಅದನ್ನು ಹೇಳುವಾಗ ಪ್ರತಿ ಸಲ ಕೈ ಮುಂದೆ ಚಾಚಿ ತೋರಿಸುತ್ತಿದ್ದ.

ಕುಣಿ ತೋಡುವುದನ್ನು ಬಿಡಲಿಲ್ಲ. ಒಳಗೆ ಮಲಗುವುದನ್ನು ಬಿಟ್ಟ, ಕುರಿ ಕಾಯುವ ಬಡಿಗೆಯಿಂದಲೇ ಅಳೆಯುತ್ತಿದ್ದ. ಹನಮಂತ ಬರುತ್ತಿದ್ದ, ತನ್ನ ಪಾಲಿನ ಬಾಟಲಿ ಕುಡಿದು ದಂಡೆಯಲ್ಲಿ ಕೂರುತ್ತಿದ್ದ. ಶಿದ್ರಾಮ ಒಬ್ಬನೇ ತೋಡುತ್ತಿದ್ದ. ಮೇಲೆ ಹತ್ತಿದ ಮೇಲೆ ಕೈ ಝಾಡಿಸಿಕೊಂಡು ಒಂದೇ ಮಾತು ಹೇಳುತ್ತಿದ್ದ. “ಗುರುವಾರ, ನಾಕರ ಬಸ್ಸು.” ಹನಮಂತ ಅದಕ್ಕೆ ಕೊಡುತ್ತಿದ್ದ ಉತ್ತರ ಬರೆಯುವಂಥದ್ದಲ್ಲ.

*

ಹೊಲದಲ್ಲಿ ಉಳಿದಿದ್ದವನು ಹನಮಂತ ಒಬ್ಬನೇ. ಬಾಟಲಿ ಬರುವುದಿಲ್ಲ ಎಂದು ಗೊತ್ತಾಗಿ ಇನ್ನಿಬ್ಬರು ಮನೆಗೆ ಹೋಗಿದ್ದರು. ಅವನು ಜಾಲಿ ಗಿಡದ ಬುಡದಲ್ಲಿ ಕೂತಿದ್ದ. ಗೆಳೆಯನ ಕುಣಿ ಬಿಟ್ಟು ಹೋಗಲಾರ, ಕುಡಿಯದೆ ಗುದ್ದಲಿ ಹಿಡಿಯಲಾರ. ಮುಂಜಾನೆಯಿಂದ ಗಂಟಲಿಗೆ ಏನೂ ಇಳಿಯದೆ ಮೈ ಬೆವರುತ್ತಿತ್ತು.

ಗುರುವಾರದವರು ತೋಡಲು ಶುರುಮಾಡಿದರು. ಎರೆಮಣ್ಣು ಗುದ್ದಲಿಗೆ ಮೆತ್ತಿ ಬಿಡಲೊಲ್ಲದು. ನರ್ಸಬಾಯಿ ಬುಟ್ಟಿ ಹೊತ್ತಳು. ಪ್ರಭುವಿನ ಅಂಗೈಯಲ್ಲಿ ಅರ್ಧ ತಾಸಿಗೇ ಬೊಬ್ಬೆ ಎದ್ದವು. ಮೊಣಕಾಲಿನಷ್ಟು ಆಳ ಆಗುವ ಹೊತ್ತಿಗೆ ಕುಣಿ ಒಂದು ಕಡೆ ಅಗಲ, ಒಂದು ಕಡೆ ಸಣ್ಣದಾಗಿ, ಉಳುಮೆ ತಪ್ಪಿದ ಸಾಲಿನ ಹಾಗೆ ಸೊಟ್ಟಗೆ ಹೊರಟಿತ್ತು.

“ಏ ಕಂಡಕ್ಟರ್ ಸಾಹೇಬ್ರ,” ಎಂದ ಹನಮಂತ ಕೂತಲ್ಲಿಂದಲೇ. “ಅದರಾಗ ಬಸ್ ತಿರಿಗಸಾವ್ರೇನ?”

“ಯಾಕ್ರಿ?”

“ಇಷ್ಟ ಅಗಲ ಯಾಕ ಮತ್ತ? ಅಂವ ಒಬ್ಬಾಂವ ಮಲಗಾಂವ.”

ಪ್ರಭು ಬೆವರು ಒರೆಸಿಕೊಂಡು ನಕ್ಕ, ಮತ್ತೆ ಬಗ್ಗಿದ. ಸ್ವಲ್ಪ ಹೊತ್ತಿಗೆ ಹನಮಂತ ಮತ್ತೆ ಕೂಗಿದ.

“ತಲಿ ಯಾವ ಕಡೆ ಮಾಡೀರಿ?”

“ಇತ್ಲಾಗ.”

“ಅಯ್ಯ ಶಿವನ! ಅದು ಪಡುವಣ ಅಲ್ಲೇನ್ರಿ? ತಲಿ ದಕ್ಷಿಣಕ್ಕ ಬರಬೇಕು. ಏನ ಕಲ್ತೀರೋ ಏನೋ, ಪಗಾರ ತಗೊಳ್ಳಾವ್ರು!”

ಎಲ್ಲರೂ ನಿಂತರು. ಅಷ್ಟು ಹೊತ್ತಿನ ದುಡಿತ ನೀರಿನಲ್ಲಿ ಹೋಗಿತ್ತು. ಸೂರ್ಯ ನೆತ್ತಿಯಿಂದ ಜಾರಿದ್ದ. ಯಾರೂ ಹನಮಂತನ ಮುಖ ನೋಡಲಿಲ್ಲ, ಯಾರೂ ಬಾ ಎನ್ನಲಿಲ್ಲ. ಗೋಕಾಕದವನೊಬ್ಬ ಮೊದಲಿನದನ್ನು ಮುಚ್ಚಲು ಮಣ್ಣು ಎಳೆಯತೊಡಗಿದ.

“ಮುಚ್ಚಬ್ಯಾಡ್ರಿ, ಮುಚ್ಚಬ್ಯಾಡ್ರಿ.” ಹನಮಂತ ಎದ್ದೇ ಬಿಟ್ಟಿದ್ದ. “ಇದ ಮೂಲಿಯಿಂದ ತಿರಿಗಿಸಿದ್ರ ಆತು. ಸರೀರಿ ಆಕಡೆ.”

ಗುದ್ದಲಿ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ಮೊದಲ ಏಟು ಗುರಿ ತಪ್ಪಿ ಕಲ್ಲಿಗೆ ಬಿತ್ತು. ಎರಡನೆಯದೂ ತಪ್ಪಿತು. ಮೂರನೆಯದು ಮಣ್ಣಿಗೆ ಇಳಿಯಿತು. ಆಮೇಲೆ ಮೈ ತನ್ನ ಕೆಲಸವನ್ನು ನೆನಪಿಸಿಕೊಂಡಿತು. ಪ್ರಭು ಮಣ್ಣು ಎತ್ತಿ ಕೊಟ್ಟ. ಹನಮಂತ ಬೈಯುತ್ತಲೇ ತೋಡಿದ. ಇವರನ್ನು ಬೈದ, ಮಣ್ಣನ್ನು ಬೈದ, ಕೊನೆಗೆ ಶಿದ್ರಾಮನನ್ನು ಬೈದ. “ಎಲ್ಲಾರ ಕುಣಿ ತೋಡಿ, ನಿನ್ನ ಟೈಮಿಗೆ ನನಗೊಬ್ಬಂವಗ ಬಿಟ್ಟ ಹ್ವಾದಿ ನೋಡ, ಮಗನ.” ಎರಡು ಸಲ ದಂಡೆಗೆ ಬಂದು ಬರೀ ಪಿತ್ತ ವಾಂತಿ ಮಾಡಿಕೊಂಡ. ನರ್ಸಬಾಯಿ ನೀರು ಕೊಟ್ಟಳು.

ಮುಗಿದ ಮೇಲೆ, ಮನೆಯಿಂದ ತಂದು ದಂಡೆಯಲ್ಲಿಟ್ಟಿದ್ದ ಶಿದ್ರಾಮನ ಬಡಿಗೆಯನ್ನು ಒಳಗೆ ಉದ್ದಕ್ಕೆ ಹಾಕಿ ಅಳೆದ. ಒಂದು ಗೇಣು ಜಾಸ್ತಿ ಇತ್ತು. “ಇರಲಿ,” ಎಂದ. “ಕಾಲ ಚಾಚತಿದ್ದ ಅಂವ.”

ಹೊತ್ತು ಇನ್ನೂ ಒಂದು ಮಾರು ಇರುವಾಗಲೇ ಶಿದ್ರಾಮನನ್ನು ತಂದರು. ಕಂಬಳಿಯ ಸಮೇತ ಇಳಿಸಿದರು. ಶಿದ್ಲಿಂಗಪ್ಪ ಭಂಡಾರ ಎರಚಿ, ತಮ್ಮನ ಹೆಸರು ಹಿಡಿದು ಕರೆದು ಜೋರಾಗಿ ಅತ್ತ. ಅಳುವಾಗ ಅವನೂ ಬರೀ ಅಣ್ಣನಾಗಿದ್ದ. ರಾಮವ್ವ ಅಂಚಿಗೆ ಬಂದು ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ, ಎರಡು ಬೊಗಸೆ ಮಣ್ಣನ್ನು ಕೈಯಲ್ಲೇ ಹೆಂಟೆ ಒಡೆದು, ಪುಡಿ ಮಾಡಿ, ಮೆಲ್ಲಗೆ ಬಿಟ್ಟಳು.

ಮಂದಿ ಕಾಲುವೆಯಲ್ಲಿ ಕೈಕಾಲು ತೊಳೆಯಲು ಹೊರಟರು. ಹೆಣ ಎತ್ತಲೆಂದು ರಾಮವ್ವ ಎದ್ದಾಗ ಚೀಲ ಮತ್ತೆ ಶಿದ್ಲಿಂಗಪ್ಪನ ಕೈಗೆ ಬಂದಿತ್ತು. ಅವನು ಅದನ್ನು ತಂದು ಜಾಲಿ ಗಿಡದ ಬುಡದಲ್ಲಿ, ಹನಮಂತನ ಪಕ್ಕಕ್ಕಿಟ್ಟ. “ಮಣ್ಣ ಆತು. ಇನ್ನ ಯಾರೂ ಅನ್ನಾಂಗಿಲ್ಲ. ನಿನ್ನ ಹಕ್ಕಿಂದ ಇದು, ತಗೋ,” ಎಂದು ಬೆನ್ನು ತಟ್ಟಿ ಹೋದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ರಾಮವ್ವ ನೋಡಿದಳು. ಮತ್ತೊಮ್ಮೆ ಕಸಿದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಗುರುವಾರದವರು ಕಾಲುವೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಯಿಸಿದ್ದರು. ಸತ್ತೆಪ್ಪ ಗ್ಲಾಸು ತೊಳೆಯುತ್ತಿದ್ದ. ಅವಳು ಹೋಗಿ ಅವನ ಮುಂದಿನ ಕೆಟಲಿ ಎತ್ತಿಕೊಂಡಳು, ಒಂದು ಗ್ಲಾಸು ತೆಗೆದುಕೊಂಡಳು. ಜಾಲಿ ಗಿಡದ ತನಕ ನಡೆದು ಬಂದು, ಗ್ಲಾಸಿಗೆ ಚಹಾ ಬಗ್ಗಿಸಿ, ಅರ್ಧಕ್ಕೆ ನಿಲ್ಲಿಸಿದಳು.

ಹನಮಂತ ಗ್ಲಾಸು ನೋಡಿದ. “ಯಾಕ ವೈನಿ, ಚಾ ತೀರೇತೇನ?”

“ತೀರಿಲ್ಲ. ಹಿಡಿ.”

ಅವನು ಎರಡೂ ಕೈಯಲ್ಲಿ ಹಿಡಿದ. ಚಹಾ ಒಳಗೆ ಅಂಚಿನ ತನಕ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಚೆಲ್ಲಲಿಲ್ಲ. ಅವನು ತನ್ನ ಕೈಗಳನ್ನೇ ನೋಡುತ್ತ ಕುಡಿದ. ಗಾಳಿಗೆ ಪಕ್ಕದ ಚೀಲದ ಬಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಆ ಕಡೆ ಒಮ್ಮೆ ನೋಡಿದ. ಈ ಕಡೆ ರಾಮವ್ವನನ್ನು ನೋಡಿದ. ಖಾಲಿ ಗ್ಲಾಸನ್ನು ಅವಳ ಮುಂದೆ ಚಾಚಿದ.

ರಾಮವ್ವ ಕೆಟಲಿ ಬಗ್ಗಿಸಿದಳು. ನಡುಗುವ ಗ್ಲಾಸಿನ ಅಂಚು ಕೆಟಲಿಯ ಮೂತಿಗೆ ತಾಗಿ ಟಿಣ ಟಿಣ ಟಿಣ ಎನ್ನತೊಡಗಿತು. ಅದು ನಿಲ್ಲುವ ತನಕ ಅವಳು ಕೆಟಲಿಯನ್ನು ಹಾಗೇ ಹಿಡಿದುಕೊಂಡು ನಿಂತಳು.